ಎರಡು ರಿಜಿಸ್ಟರುಗಳ ಮಾಷ್ಟ್ರು

ನಮ್ಮ ಮಾಷ್ಟ್ರ ಹೆಸರನ್ನು ನಾನು ಈ ಮಾತಿನಲ್ಲಿ ಎಲ್ಲಿಯೂ ಹೇಳುವುದಿಲ್ಲ. ಇಲ್ಲಿ ಕುಳಿತಿರುವ ಅನೇಕರಿಗೆ ಅವರು ಯಾರೆಂದು ಗೊತ್ತೇ ಇದೆ. ಗೊತ್ತಿಲ್ಲದವರಿಗೆ ಹೆಸರಿನಿಂದ ಹೆಚ್ಚೇನೂ ತಿಳಿಯದು. ತಮ್ಮ ಹೆಸರಿನಲ್ಲಿ ಶೀಲ್ಡು, ದತ್ತಿನಿಧಿ, ವಾರ್ಷಿಕ ಪಂದ್ಯಾವಳಿ ಏನೂ ಕೂಡದೆಂದು ಅವರು ಬದುಕಿದ್ದಾಗಲೇ ಕಟ್ಟುನಿಟ್ಟಾಗಿ ಹೇಳಿದ್ದರು. ಮನೆಯವರ ಅಪೇಕ್ಷೆಯೂ ಅದೇ. ಆದುದರಿಂದ ಶಾಲೆಯಲ್ಲಿ ಕರೆಯುತ್ತಿದ್ದಂತೆ ಮಾಷ್ಟ್ರು ಎಂದೇ ಕರೆಯುತ್ತೇನೆ.

ಈ ಮೇಜಿನ ಮೇಲೆ ಎರಡು ರಿಜಿಸ್ಟರುಗಳನ್ನು ಇಟ್ಟಿದ್ದೇನೆ. ಕೆಂಪು ಬಟ್ಟೆಯ ಬೆನ್ನಿನ, ಉದ್ದನೆಯ ಈ ಬಗೆಯ ಪುಸ್ತಕವನ್ನು ಹೋಟೆಲಿನ ಗಲ್ಲಾದಲ್ಲಿ ಉದ್ರಿ ಲೆಕ್ಕ ಬರೆಯಲು ಬಳಸುತ್ತಿದ್ದರು. ಹೋಟೆಲಿನಲ್ಲಿ ದುಡಿದವರಿಗೆ ಇದರ ಗುರುತು ಕೂಡಲೇ ಸಿಗುತ್ತದೆ. ಒಂದರ ಮೇಲೆ ‘ಕಬಡ್ಡಿ’ ಎಂದು ಬರೆದಿದೆ, ಇನ್ನೊಂದರ ಮೇಲೆ ‘ಸಾಕ್ಷಿ’ ಎಂದು. ಮೂವತ್ತೈದು ವರ್ಷಗಳ ಕಾಲ ಮಾಷ್ಟ್ರು ಹಗಲಿನಲ್ಲಿ ಒಂದು ಕಂಪನಿಯ ಗುಮಾಸ್ತರಾಗಿ ದುಡಿದು, ಸಂಜೆ ಆರೂವರೆಯಿಂದ ಒಂಬತ್ತೂವರೆಯವರೆಗೆ ಕನ್ನಡ ರಾತ್ರಿಶಾಲೆಯಲ್ಲಿ ಇತಿಹಾಸ ಕಲಿಸಿ, ಅನಂತರ ಕಬಡ್ಡಿ ಆಡಿಸಿದವರು. ಅವರ ಬದುಕಿನ ವಿಷಯವಾಗಿ ನಾನು ಹೇಳಬೇಕಾದುದೆಲ್ಲ ಈ ಎರಡು ಪುಸ್ತಕಗಳಲ್ಲಿದೆ. ಇವುಗಳಲ್ಲಿ ಬಾರದ ಒಂದು ಸಂಗತಿಯೂ ಇದೆ. ಅದನ್ನು ಕೊನೆಗೆ ಹೇಳುತ್ತೇನೆ.

ಮೊದಲು ರಾತ್ರಿಶಾಲೆಯೆಂದರೆ ಏನೆಂದು ಇಲ್ಲಿರುವ ಎಳೆಯರಿಗೆ ಹೇಳಬೇಕು. ಮುಂಬಯಿಯ ಕನ್ನಡಿಗರು, ತುಳುವರು ಕಟ್ಟಿಕೊಂಡ ಸಂಘಗಳಲ್ಲಿ ಕೆಲವು ನೂರು ವರ್ಷ ದಾಟಿದವು; ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದು. ಊರಿನಿಂದ ಬಂದ ಹುಡುಗರು ಹಗಲು ದುಡಿಯಲೇಬೇಕು, ಓದಿಸುವುದಾದರೆ ರಾತ್ರಿಯೇ ಓದಿಸಬೇಕು ಎಂಬ ಸರಳ ಲೆಕ್ಕದಿಂದ ಇಂತಹ ಸಂಘಗಳು ರಾತ್ರಿಶಾಲೆಗಳನ್ನು ತೆರೆದವು. ಹಗಲು ಇನ್ಯಾವುದೋ ಶಾಲೆ ನಡೆಯುವ ಕಟ್ಟಡದಲ್ಲಿ ಸಂಜೆಯಾದೊಡನೆ ನಮ್ಮ ಶಾಲೆ. ಹಗಲಿನ ಮಕ್ಕಳ ಬೆಂಚುಗಳು ಗಿಡ್ಡ. ಮೀಸೆ ಮೂಡಿದ ಹುಡುಗರು ಮೊಣಕಾಲನ್ನು ಗದ್ದಕ್ಕೆ ತಗುಲಿಸಿಕೊಂಡು ಕೂರಬೇಕಾಗಿತ್ತು.

ನಾನು ಬಂದದ್ದು ಎಪ್ಪತ್ತರ ದಶಕದ ಆರಂಭದಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ, ಕುಂದಾಪುರದ ಕಡೆಯ ಒಂದು ಹಳ್ಳಿಯಿಂದ. ಹೋಟೆಲಿನಲ್ಲಿ ಕ್ಲೀನರ್ ಕೆಲಸ. ಬೆಳಗಿನ ಐದಕ್ಕೆ ಏಳುವುದು, ಫಡ್ಕ ಹಿಡಿದು ಮೇಜು ಒರೆಸುವುದು, ಲೋಟ ತಟ್ಟೆಗಳನ್ನು ಎತ್ತುವುದು. ಅದು ಬಾಲಕಾರ್ಮಿಕ ಪದ್ಧತಿಯೇ, ಅದಕ್ಕೆ ಬೇರೆ ಹೆಸರಿಲ್ಲ. ನಮ್ಮ ಧಣಿಗಳು ಸಂಜೆ ಆರಕ್ಕೆ ನಮ್ಮನ್ನು ಶಾಲೆಗೆ ಬಿಡುತ್ತಿದ್ದರು, ಅದನ್ನು ನಾನು ಮರೆತಿಲ್ಲ. ಪರೀಕ್ಷೆಯ ತಿಂಗಳಿನಲ್ಲಿಯೂ ಬೆಳಗಿನ ಪಾಳಿಯನ್ನು ತಪ್ಪಿಸುತ್ತಿರಲಿಲ್ಲ, ಅದನ್ನೂ ಮರೆತಿಲ್ಲ.

ಹದಿಮೂರು ಗಂಟೆ ದುಡಿದ ಹುಡುಗ ಫ್ಯಾನಿನ ಕೆಳಗೆ ಕೂತರೆ ಏನಾಗುತ್ತದೆಂದು ನೀವು ಊಹಿಸಬಲ್ಲಿರಿ. ಬೇರೆ ಶಿಕ್ಷಕರು ಸೀಮೆಸುಣ್ಣ ಎಸೆಯುತ್ತಿದ್ದರು, ಹೊರಗೆ ನಿಲ್ಲಿಸುತ್ತಿದ್ದರು. ನಿಂತರೂ ನಿದ್ದೆ ಬರುತ್ತಿತ್ತು. ಮಾಷ್ಟ್ರು ತರಗತಿಗೆ ಬಂದವರೇ ದೀಪ ಆರಿಸಿ, “ಹತ್ತು ನಿಮಿಷ, ಎಲ್ಲರೂ ತಲೆ ಬಗ್ಗಿಸಿ” ಎನ್ನುತ್ತಿದ್ದರು. ಹತ್ತು ನಿಮಿಷ ಇಡೀ ತರಗತಿ ಬೆಂಚಿನ ಮೇಲೆ ತಲೆಯಿಟ್ಟು ಮಲಗುತ್ತಿತ್ತು. ಅವರೂ ಕುರ್ಚಿಯಲ್ಲಿ ಕಣ್ಣು ಮುಚ್ಚುತ್ತಿದ್ದರು, ಅವರದೂ ಹಗಲಿಡೀ ದುಡಿದ ಮೈ ತಾನೆ. ಹತ್ತು ನಿಮಿಷವಾದ ಮೇಲೆ ದೀಪ ಹಾಕಿ ಕಪ್ಪು ಹಲಗೆಯ ಮೇಲೆ ಒಂದು ಇಸವಿಯನ್ನು ದೊಡ್ಡದಾಗಿ ಬರೆದು, “ಈ ವರ್ಷ ಏನಾಯಿತು?” ಎಂದು ಕೇಳುತ್ತಿರಲಿಲ್ಲ, “ಈ ವರ್ಷ ಹೀಗಾಯಿತು ಎಂದು ಪುಸ್ತಕ ಹೇಳುತ್ತದೆ, ಪುಸ್ತಕಕ್ಕೆ ಹೇಗೆ ಗೊತ್ತಾಯಿತು?” ಎಂದು ಕೇಳುತ್ತಿದ್ದರು. ಮುಖ್ಯೋಪಾಧ್ಯಾಯರಿಗೆ ಈ ಹತ್ತು ನಿಮಿಷದ ವಿಷಯ ತಿಳಿದು ದೊಡ್ಡ ಜಗಳವೇ ಆಯಿತಂತೆ. ಮಾಷ್ಟ್ರು ಮಣಿಯಲಿಲ್ಲ. ಅವರ ತರಗತಿಯ ಹುಡುಗರು ಇತಿಹಾಸದಲ್ಲಿ ನಪಾಸಾಗುವುದು ಅಪರೂಪವಾಗಿದ್ದುದರಿಂದ ಜಗಳ ತಾನಾಗಿ ತಣ್ಣಗಾಯಿತು.

ಇನ್ನು ಈ ಸಾಕ್ಷಿ ಪುಸ್ತಕ. ಶಾಲೆಗೆ ಹೊಸದಾಗಿ ಸೇರಿದ ಹುಡುಗನನ್ನು ಮಾಷ್ಟ್ರು ಮೊದಲ ವಾರದಲ್ಲಿ ಮೇಜಿನ ಬಳಿಗೆ ಕರೆದು ಮೂರು ಪ್ರಶ್ನೆ ಕೇಳುತ್ತಿದ್ದರು. ಮುಂಬಯಿಗೆ ಯಾವತ್ತು ಬಂದೆ? ಹೇಗೆ ಬಂದೆ? ಅದಕ್ಕೆ ಸಾಕ್ಷಿ ಏನು? ಉತ್ತರಗಳನ್ನು ಮೂರು ಕಾಲಂಗಳಲ್ಲಿ ಬರೆದುಕೊಳ್ಳುತ್ತಿದ್ದರು. ನನ್ನದು ಇಲ್ಲಿದೆ, 118ನೆಯ ಸಾಲು. ನಾನು ಜೂನ್ ಹತ್ತನೆಯ ತಾರೀಕೆಂದು ಹೇಳಿದೆ. ಸಾಕ್ಷಿ ಕೇಳಿದಾಗ ತಲೆ ಕೆರೆದುಕೊಂಡೆ. “ಟ್ರಂಕಿನಲ್ಲಿ ಹುಡುಕು” ಎಂದರು. ಮರುದಿನ ಟ್ರಂಕಿನ ತಳದಲ್ಲಿ ಹಾಸಿದ್ದ ಕಾಗದದ ಅಡಿಯಲ್ಲಿ ಬಸ್ಸಿನ ಟಿಕೇಟು ಸಿಕ್ಕಿತು. ಅದರಲ್ಲಿದ್ದ ತಾರೀಕು ಎಂಟು. ಬಸ್ಸು ಹತ್ತಿದ ದಿನ ಅದು, ನಾನು ಇಳಿದದ್ದು ಒಂಬತ್ತಕ್ಕೆ. ನನ್ನದೇ ಬದುಕಿನ ಅಷ್ಟು ದೊಡ್ಡ ದಿನವನ್ನು, ಅದೂ ಕೆಲವೇ ವಾರಗಳ ಹಿಂದಿನದನ್ನು, ನಾನು ತಪ್ಪಾಗಿ ಹೇಳಿದ್ದೆ. ಮಾಷ್ಟ್ರು ನಗಲಿಲ್ಲ, ಗದರಲಿಲ್ಲ. ‘ಹುಡುಗ ಹೇಳಿದ್ದು: 10. ಟಿಕೇಟು ಹೇಳುವುದು: 8ಕ್ಕೆ ಹೊರಟದ್ದು’ ಎಂದು ಎರಡನ್ನೂ ಬರೆದು, “ಇದು ಇತಿಹಾಸದ ಮೊದಲ ಪಾಠ, ಆಯಿತು, ಹೋಗು” ಎಂದರು.

ಈ ಪುಸ್ತಕದ ಸಾಕ್ಷಿಯ ಕಾಲಂ ಓದಲು ಬಹಳ ಸೊಗಸಾಗಿದೆ. ಒಬ್ಬನ ಸಾಕ್ಷಿ ಮನಿಯಾರ್ಡರ್ ರಸೀದಿ. ಇನ್ನೊಬ್ಬನದು ಊರಿನಿಂದ ಅಕ್ಕ ಬರೆದ ಮೊದಲ ಕಾರ್ಡಿನ ಅಂಚೆಮುದ್ರೆ. ಒಬ್ಬ ಹುಡುಗ ಅಂಗೈ ತೋರಿಸಿದ್ದ: ಕೆಲಸಕ್ಕೆ ಸೇರಿದ ದಿನವೇ ಬಿಸಿ ಎಣ್ಣೆ ಸಿಡಿದು ಆದ ಸುಟ್ಟಗಾಯ. ‘ಗಾಯ ಇದೆ, ತಾರೀಕು ಇಲ್ಲ’ ಎಂದು ಮಾಷ್ಟ್ರು ಬರೆದಿದ್ದಾರೆ.

ತರಗತಿಯ ಪಾಠಕ್ಕೆ ಬರುತ್ತೇನೆ. ನಮ್ಮ ಪಠ್ಯಪುಸ್ತಕ ಕನ್ನಡದಲ್ಲಿದ್ದರೂ ಮಹಾರಾಷ್ಟ್ರ ಸರ್ಕಾರದ್ದು. ಪುಣೆಯ ಬಾಲಭಾರತಿ 1967ರಿಂದ ಬೇರೆ ಬೇರೆ ಭಾಷೆಗಳಲ್ಲಿ ಪಠ್ಯಗಳನ್ನು ಮುದ್ರಿಸುತ್ತ ಬಂದಿದೆ, ಕನ್ನಡವೂ ಅವುಗಳಲ್ಲೊಂದು. ಅದರಲ್ಲಿ ಮರಾಠರ ಇತಿಹಾಸಕ್ಕೆ ಹೆಚ್ಚಿನ ಜಾಗ ಇದ್ದುದು ಸಹಜ. ಇದು ಪರರ ಚರಿತ್ರೆ, ನಮಗೆ ಅಂಕಗಳಿಗಷ್ಟೇ ಬೇಕಾದದ್ದು ಎಂಬ ಭಾವನೆ ನಮ್ಮ ಹುಡುಗರಲ್ಲಿತ್ತು. ಒಂದು ರಾತ್ರಿ ಹಲಗೆಯ ಮೇಲೆ 1665 ಎಂದು ಬರೆದ ಮಾಷ್ಟ್ರು ಪಾಠ ಆರಂಭಿಸದೆ ನೇರವಾಗಿ ಕೊನೆಯ ಬೆಂಚಿಗೆ ಹೋದರು. ಅಲ್ಲಿ ಬಸ್ರೂರಿನ ಒಬ್ಬ ಹುಡುಗ ದೀಪ ಹಾಕಿದ ಮೇಲೂ ಗೊರಕೆ ಹೊಡೆಯುತ್ತಿದ್ದ. ಅವನ ಭುಜ ಅಲುಗಿಸಿ, “ಏಳು ಮಾಣಿ, ನಿಮ್ಮೂರಿಗೆ ಶಿವಾಜಿ ಮಹಾರಾಜರು ಬಂದಿದ್ದಾರೆ” ಎಂದರು.

ಅವನು ಗಾಬರಿಯಿಂದ ಎದ್ದು ನಿಂತ. ನಾವೆಲ್ಲ ನಕ್ಕೆವು. ಆಮೇಲೆ ಯಾರೂ ನಗಲಿಲ್ಲ, ಏಕೆಂದರೆ ಮಾಷ್ಟ್ರು ಹೇಳಿದ್ದು ನಿಜ. 1665ರ ಫೆಬ್ರವರಿಯಲ್ಲಿ ಶಿವಾಜಿ ಮಹಾರಾಜರು ಮಾಲವಣದಿಂದ ಹಡಗುಗಳನ್ನು ಕಟ್ಟಿಕೊಂಡು ಸಮುದ್ರದ ದಾರಿಯಲ್ಲಿ ಬಸ್ರೂರಿಗೆ ಹೋದರು. ಹಿಂದಿರುಗುವಾಗ ಗೋಕರ್ಣಕ್ಕೂ ಹೋದರು. ಆಗ ಬಸ್ರೂರು ಕೆಳದಿಯ ನಾಯಕರ ಆಳ್ವಿಕೆಗೆ ಸೇರಿದ, ಅಕ್ಕಿಯ ವ್ಯಾಪಾರಕ್ಕೆ ಹೆಸರಾದ ಬಂದರು. ಪೋರ್ಚುಗೀಸರ ಕಣ್ಣೂ ಆ ಅಕ್ಕಿಯ ಮೇಲೇ ಇತ್ತು. ಮಾಷ್ಟ್ರು ಪಶ್ಚಿಮ ಕರಾವಳಿಯ ಗೆರೆಯನ್ನು ಹಲಗೆಯ ಮೇಲಿನಿಂದ ಕೆಳಗಿನವರೆಗೆ ಎಳೆದು, ಮುಂಬಯಿ, ಮಾಲವಣ, ಗೋವಾ, ಗೋಕರ್ಣ, ಬಸ್ರೂರು ಎಂದು ಚುಕ್ಕೆಗಳನ್ನಿಟ್ಟರು. ನಾವು ಯಾವ ದಾರಿಯಲ್ಲಿ ಮೇಲಕ್ಕೆ ಬಂದಿದ್ದೆವೋ ಹೆಚ್ಚುಕಡಿಮೆ ಅದೇ ದಾರಿಯಲ್ಲಿ ಚರಿತ್ರೆ ಕೆಳಕ್ಕೆ ಹೋಗಿತ್ತು.

ಬಸ್ರೂರಿನ ಹುಡುಗ ಪೂರ್ತಿ ಎಚ್ಚರವಾಗಿ, “ಅಕ್ಕಿ ತಕೊಂಡು ಹೋದ್ರಾ ಸರ್?” ಎಂದು ಕೇಳಿದ. ಮಾಷ್ಟ್ರಿಗೆ ಬೇಕಾಗಿದ್ದುದು ಇದೇ ಪ್ರಶ್ನೆ. ಇಲ್ಲಿಯ ಪುಸ್ತಕದಲ್ಲಿ ಅದು ನೌಕಾಪಡೆಯ ಸಾಹಸದ ಕಥೆ, ಅದರಲ್ಲಿ ಸುಳ್ಳಿಲ್ಲ. ಆದರೆ ಆ ದಿನ ಬಸ್ರೂರಿನ ಪೇಟೆಯಲ್ಲಿ ಅಂಗಡಿ ತೆರೆದಿದ್ದ ಅಕ್ಕಿ ವ್ಯಾಪಾರಿಯೊಬ್ಬ ಪುಸ್ತಕ ಬರೆದಿದ್ದರೆ ಅದರಲ್ಲಿ ಏನಿರುತ್ತಿತ್ತು? ಇಬ್ಬರಲ್ಲಿ ಯಾರನ್ನು ನಂಬುತ್ತೀರಿ? ಇಬ್ಬರನ್ನೂ ಕೇಳದೆ ತೀರ್ಪು ಕೊಡಬಹುದೇ? ಇದು ಎಪ್ಪತ್ತರ ದಶಕದ ಮುಂಬಯಿ, ಗಡಿಯ ವಿವಾದ ಬಿಸಿಯಾಗಿದ್ದ ಕಾಲ, ದಕ್ಷಿಣದವರ ಹೋಟೆಲುಗಳ ಮೇಲೆ ಕಲ್ಲು ಬಿದ್ದ ನೆನಪು ಹಸಿಯಾಗಿದ್ದ ಕಾಲ ಎಂಬುದನ್ನು ನೀವು ಗಮನಿಸಬೇಕು. ಆ ತರಗತಿಯಲ್ಲಿ ಒಂದು ಕಡೆಗೆ ವಾಲುವುದು ಬಹಳ ಸುಲಭವಾಗಿತ್ತು, ವಾಲಿದ್ದರೆ ಹುಡುಗರು ಚಪ್ಪಾಳೆಯನ್ನೂ ತಟ್ಟುತ್ತಿದ್ದರು. ಮಾಷ್ಟ್ರು ಆ ಹುಡುಗನಿಗೆ ಒಂದು ಇನ್‌ಲ್ಯಾಂಡ್ ಕಾಗದ ಕೊಟ್ಟು, ಊರಿನ ಹಳೆಯ ಪೇಟೆಯ ಕುರಿತು ಅಪ್ಪನನ್ನು ಕೇಳಿ ಬರೆಯಲು ಹೇಳಿದರು. ಮೂರು ವಾರದ ಮೇಲೆ ಉತ್ತರ ಬಂತು. ಅಪ್ಪನಿಗೆ ಅಕ್ಷರ ಬಾರದ ಕಾರಣ ಪೋಸ್ಟ್‌ಮ್ಯಾನ್ ಬರೆದುಕೊಟ್ಟಿದ್ದ. ಶಿವಾಜಿ ಬಂದ ಸಂಗತಿ ತಮಗೆ ತಿಳಿಯದು, ಆದರೆ ಹಳೆಯ ಕೇರಿಗಳ ಹೆಸರುಗಳು ಇವು ಎಂದು ಒಂದು ಪಟ್ಟಿ, ಕೊನೆಗೆ ಮಗನ ಸಂಬಳ ಈ ತಿಂಗಳು ಬಂದಿಲ್ಲ ಎಂಬ ಒಂದು ಸಾಲು. ಮಾಷ್ಟ್ರು ಕೇರಿಗಳ ಹೆಸರನ್ನೆಲ್ಲ ತರಗತಿಗೆ ಓದಿ ಹೇಳಿದರು. ಆ ಕೊನೆಯ ಸಾಲನ್ನು ಓದಲಿಲ್ಲ. ಮರುದಿನ ಬೆಳಗ್ಗೆ ಆಫೀಸಿಗೆ ಹೋಗುವ ಮೊದಲು ಅವನ ಹೋಟೆಲಿಗೆ ಹೋಗಿ ಧಣಿಯ ಗಲ್ಲಾದ ಮುಂದೆ ನಿಂತರು.

ವರ್ಷಕ್ಕೊಮ್ಮೆ ಅವರು ನಮ್ಮನ್ನು ತಿರುಗಾಟಕ್ಕೆ ಕರೆದೊಯ್ಯುತ್ತಿದ್ದರು. ಹೋಟೆಲಿನವರಿಗೆ ಭಾನುವಾರದ ರಜೆ ಇರುವುದಿಲ್ಲವಾದ್ದರಿಂದ ಹೋಳಿಯ ಮರುದಿನ, ಬಣ್ಣದಾಟದ ಧುಳವಡಿಯಂದು, ನಮ್ಮ ಹೋಟೆಲುಗಳು ಸಂಜೆಯವರೆಗೆ ಬಾಗಿಲು ಹಾಕುತ್ತಿದ್ದ ಒಂದೇ ದಿನ, ಬೆಳಗಿನ ಮೊದಲ ಲೋಕಲ್ ಹಿಡಿದು ಬೋರಿವಲಿಗೆ ಹೋಗಿ ಅಲ್ಲಿಂದ ಕಾನ್ಹೇರಿ ಗುಹೆಗಳಿಗೆ ನಡೆಯುವುದು. ನೂರಕ್ಕೂ ಹೆಚ್ಚು ಗುಹೆಗಳಿರುವ ಆ ಬೌದ್ಧ ಕ್ಷೇತ್ರದಲ್ಲಿ ಮಾಷ್ಟ್ರು ನಮ್ಮನ್ನು ದೊಡ್ಡ ಚೈತ್ಯದ ಮುಂದೆ ಹೆಚ್ಚು ಹೊತ್ತು ನಿಲ್ಲಿಸದೆ ಒಂದು ಶಾಸನದ ಎದುರಿಗೆ ಕೂರಿಸುತ್ತಿದ್ದರು. ಅದರಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಹೆಸರಿದೆ, ಅವನ ಅಧೀನನಾಗಿ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರ ಕಪರ್ದಿಯ ಹೆಸರಿದೆ, ಶಕವರ್ಷ 775 ಎಂಬ ಕಾಲವಿದೆ, ಅಂದರೆ ಕ್ರಿ.ಶ. 853ರ ಸುಮಾರು. ಕವಿರಾಜಮಾರ್ಗ ಹುಟ್ಟಿದ ಆಸ್ಥಾನದ ಅದೇ ನೃಪತುಂಗ! ಕಲ್ಲಿನ ಮೇಲೆ ಬೆರಳಿಡದೆ, ಬೆರಳನ್ನು ಒಂದಂಗುಲ ದೂರ ಹಿಡಿದು ಅವರು ಆ ಅಕ್ಷರಗಳ ಸಾಲನ್ನು ತೋರಿಸುತ್ತಿದ್ದುದು ನನ್ನ ಕಣ್ಣಿಗೆ ಕಟ್ಟಿದಂತಿದೆ.

ಮೊದಲ ಸಲ ಅದನ್ನು ಕೇಳಿದಾಗ ನಮಗೆಲ್ಲ ಮೈ ಉಬ್ಬಿತು. ನಮ್ಮಲ್ಲೊಬ್ಬ ಎದ್ದು ನಿಂತು, “ಹಾಗಾದರೆ ಮುಂಬಯಿ ನಮ್ಮದೇ ಆಗಿತ್ತು ಸರ್” ಎಂದ. ಮಾಷ್ಟ್ರು ಕೂಡಲೇ ಅವನನ್ನು ಕೂರಿಸಿದರು. ಶಾಸನದ ಭಾಷೆ ಯಾವುದು? ಸಂಸ್ಕೃತ. ದಾನ ಯಾರಿಗೆ? ಬೌದ್ಧ ಭಿಕ್ಷುಗಳ ಸಂಘಕ್ಕೆ. ಕೊಟ್ಟವನು ಯಾರು? ಗೌಡ ದೇಶದಿಂದ, ಎಂದರೆ ಬಂಗಾಳದ ಕಡೆಯಿಂದ ಬಂದ ಒಬ್ಬ ಭಕ್ತ. ನೂರು ದ್ರಮ್ಮ ನಾಣ್ಯಗಳನ್ನು ಇಲ್ಲಿ ಠೇವಣಿಯಿಟ್ಟ. ಮೇಲಿನ ರಾಜ ನಮ್ಮ ಕಡೆಯವನು, ಕೆಳಗಿನ ರಾಜ ಈ ಕಡೆಯವನು, ದುಡ್ಡು ಕೊಟ್ಟವನು ಮೂರನೆಯ ಕಡೆಯವನು. ಇಷ್ಟನ್ನು ಹೇಳಿ, “ಯಾರದ್ದು ಎಂದು ಈಗ ನೀನೇ ಹೇಳು” ಎಂದು ಕಟ್ಟಿ ತಂದಿದ್ದ ಅವಲಕ್ಕಿಯ ಡಬ್ಬಿ ಬಿಚ್ಚಿದರು. ಮಾಷ್ಟ್ರ ಜಾಗದಲ್ಲಿ ನಾನಿದ್ದಿದ್ದರೆ ಆ ಹುಡುಗನಿಗೆ ಐದು ನಿಮಿಷವಾದರೂ ಹೆಮ್ಮೆ ಪಡಲು ಬಿಡುತ್ತಿದ್ದೆ. ಮೇಜು ಒರೆಸುವ ಹುಡುಗನಿಗೆ ಹೆಮ್ಮೆ ಪಡುವ ಸಂದರ್ಭಗಳು ಆ ಊರಿನಲ್ಲಿ ಎಷ್ಟಿದ್ದವು? ಈ ಮಾತನ್ನು ಒಮ್ಮೆ ಅವರಿಗೇ ಹೇಳಿದ್ದೇನೆ. ಅವರು ಒಪ್ಪಲಿಲ್ಲ.

ಈಗ ಕಬಡ್ಡಿ. ಶಾಲೆಗೆ ಆಟದ ಶಿಕ್ಷಕರಿರಲಿಲ್ಲ, ಸಾಮಾನು ಕೊಳ್ಳಲು ಹಣವಿರಲಿಲ್ಲ. ಬೂಟು, ಬ್ಯಾಟು, ಚೆಂಡು ಯಾವುದೂ ಬೇಡದ ಆಟವೆಂದರೆ ಇದೊಂದೇ ಎಂದು ಮಾಷ್ಟ್ರು ಇದನ್ನು ಆರಿಸಿಕೊಂಡರು. ಅವರು ಸ್ವತಃ ಊರಿನ ಗದ್ದೆಯಲ್ಲಿ ಆಡಿದ್ದಷ್ಟೆ. ನಿಯಮ ಕಲಿಯಲು ಪರೇಲ್, ಲಾಲ್‌ಬಾಗ್, ಪ್ರಭಾದೇವಿಯ ಕಡೆಯ ವ್ಯಾಯಾಮಶಾಲೆಗಳಿಗೆ ಹೋಗಿ, ಪಾಳಿ ಮುಗಿಸಿ ಬಂದು ಆಡುತ್ತಿದ್ದ ಗಿರಣಿ ಕಾರ್ಮಿಕರ ಆಟವನ್ನು ಹೊರಗೆ ನಿಂತು ನೋಡಿ, ಮನೆಗೆ ಬಂದು ಬರೆದಿಟ್ಟುಕೊಂಡರು. ಮಹಾರಾಷ್ಟ್ರದಲ್ಲಿ ಈ ಆಟಕ್ಕೆ ಹುತುತೂ ಎಂಬ ಹಳೆಯ ಹೆಸರಿದೆ. 1936ರ ಬರ್ಲಿನ್ ಒಲಿಂಪಿಕ್ಸಿನ ಸಂದರ್ಭದಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದವರು ಅಲ್ಲಿ ಇದನ್ನು ಪ್ರದರ್ಶಿಸಿದ್ದರು. ಇತಿಹಾಸದ ಮಾಷ್ಟ್ರು ಆಟ ಕಲಿಸಿದರೆ ಇಂತಹವೆಲ್ಲ ಅಭ್ಯಾಸದ ನಡುವೆ ಬರುತ್ತಿದ್ದವು. ನಮಗೆ ಉಸಿರಾಡಲು ಬಿಡುವು ಸಿಗಲೆಂದು ನಾವೇ ಬೇಕೆಂದು ಪ್ರಶ್ನೆ ಕೇಳುತ್ತಿದ್ದೆವು.

ಅಭ್ಯಾಸ ರಾತ್ರಿ ಒಂಬತ್ತೂವರೆಯ ಮೇಲೆ, ಶಾಲೆಯ ಹಿಂದಿನ ಅಂಗಳದಲ್ಲಿ, ಬೀದಿದೀಪದ ಬೆಳಕಿನಲ್ಲಿ. ಹುಡುಗರ ಅಂಕಣ 11 ಮೀಟರ್ ಉದ್ದ, 8 ಮೀಟರ್ ಅಗಲ. ಅದನ್ನು ಅಳೆಯಲು ಮಾಷ್ಟ್ರು ತೆಂಗಿನ ನಾರಿನ ಹಗ್ಗಕ್ಕೆ ಮೀಟರಿಗೊಂದು ಗಂಟು ಹಾಕಿ ಇಟ್ಟುಕೊಂಡಿದ್ದರು. ನಮ್ಮ ಅತ್ಯುತ್ತಮ ರೈಡರ್ ಮಾಟುಂಗಾದ ಒಂದು ಹೋಟೆಲಿನ ಸಪ್ಲಾಯರ್. ಏಳೆಂಟು ಮೇಜುಗಳ ಆರ್ಡರನ್ನು ಒಂದೇ ಉಸಿರಿನಲ್ಲಿ ಅಡುಗೆಮನೆಗೆ ಕೂಗಿ ಹೇಳುವ ಅಭ್ಯಾಸವಿದ್ದವನು. ಅವನ ದಮ್ಮಿಗೆ ಎದುರಾಳಿಗಳು ದಂಗಾಗುತ್ತಿದ್ದರು. ಅದರ ಗುಟ್ಟು ಇಡ್ಲಿ, ವಡೆ, ಸಾದಾ ದೋಸೆಯಲ್ಲಿದೆಯೆಂದು ಅವರಿಗೇನು ಗೊತ್ತು?

ಮಾಷ್ಟ್ರ ಕಬಡ್ಡಿಯಲ್ಲಿ ಒಂದು ವಿಚಿತ್ರ ಕಟ್ಟಳೆಯಿತ್ತು. ಈ ಆಟದಲ್ಲಿ ಮುಟ್ಟಿದ್ದು ಅನೇಕ ಸಲ ಪಂಚರಿಗೆ, ಎಂದರೆ ಅಂಪೈರುಗಳಿಗೆ, ಕಾಣುವುದಿಲ್ಲ. ಬೆರಳ ತುದಿ ಅಂಗಿಯ ಅಂಚಿಗೆ ತಗುಲಿದರೂ ಔಟೇ, ಆದರೆ ಅದು ಇಬ್ಬರಿಗೆ ಮಾತ್ರ ತಿಳಿಯುತ್ತದೆ: ಮುಟ್ಟಿದವನಿಗೆ ಮತ್ತು ಮುಟ್ಟಿಸಿಕೊಂಡವನಿಗೆ. ಅಂತಹ ಸಂದರ್ಭದಲ್ಲಿ ನಮ್ಮ ಹುಡುಗ ತಾನಾಗಿ ಕೈಯೆತ್ತಿ ಹೊರಗೆ ನಡೆಯಬೇಕು. ಪಂಚರು ಕೇಳುವವರೆಗೆ ಕಾಯಬಾರದು. “ಅಲ್ಲಿ ಇದ್ದವರು ಇಬ್ಬರೇ, ಒಬ್ಬ ಸಾಕ್ಷಿ ಸುಳ್ಳು ಹೇಳಿದರೆ ಇತಿಹಾಸ ಅರ್ಧ ಸತ್ತಿತು” ಎನ್ನುತ್ತಿದ್ದರು. ಬೇರೆ ತಂಡದವರು ನಮ್ಮನ್ನು ಕೈಯೆತ್ತುವ ಹುಡುಗರು ಎಂದು ಗೇಲಿ ಮಾಡುತ್ತಿದ್ದರು.

ನಾನು ಒಮ್ಮೆ ಕೈಯೆತ್ತಲಿಲ್ಲ. ಅದು ಶಾಲೆಗಳ ನಡುವಿನ ಒಂದು ಪಂದ್ಯಾವಳಿಯ ಸೆಮಿಫೈನಲ್. ಮುಗಿಯಲು ಒಂದೆರಡು ನಿಮಿಷ ಇರಬಹುದು, ನಾವು ಒಂದು ಅಂಕದಿಂದ ಮುಂದಿದ್ದೆವು. ನಾನು ಎಡ ಮೂಲೆಯಲ್ಲಿದ್ದೆ. ಎದುರು ತಂಡದ ರೈಡರ್ ಬಗ್ಗಿ ಕೈಚಾಚಿದ, ನಾನು ಹಿಂದಕ್ಕೆ ಜಿಗಿದೆ, ಅವನ ಉಗುರು ನನ್ನ ಚಡ್ಡಿಯ ಅಂಚನ್ನು ಸವರಿತು. ಆ ಸ್ಪರ್ಶ ಈಗಲೂ ನನ್ನ ತೊಡೆಯ ಮೇಲೆ ಇದೆ. ಅವನು ಕೈಯೆತ್ತಿ ಕೂಗಿದ, ಪಂಚರು ಇಲ್ಲವೆಂದು ತಲೆಯಾಡಿಸಿದರು, ನಾನು ನೆಲ ನೋಡುತ್ತ ನಿಂತೆ. ಪಂದ್ಯ 21–20 ಎಂದು ಮುಗಿಯಿತು, ಗೆದ್ದವರು ನಾವು. ಹುಡುಗರು ಹೊತ್ತು ಕುಣಿದರು.

ಮಾಷ್ಟ್ರು ಅಂಕಣದ ಹೊರಗೆ ನನ್ನನ್ನು ಕರೆದು, “ತಾಗಿತಾ?” ಎಂದು ಒಂದೇ ಪದ ಕೇಳಿದರು. ನಾನು ಹೌದೆಂದೆ. ಅವರು ನನಗೆ ಹೊಡೆಯಲಿಲ್ಲ, ಹೊಡೆದಿದ್ದರೆ ಚೆನ್ನಾಗಿತ್ತು. ನನ್ನ ಕೈ ಹಿಡಿದು ಪಂಚರ ಬಳಿಗೆ ಕರೆದೊಯ್ದು ಮರಾಠಿಯಲ್ಲಿ ಎಲ್ಲವನ್ನೂ ಹೇಳಿದರು. ಅಂಕಪಟ್ಟಿಗೆ ಸಹಿಯಾಗಿದೆ, ಇನ್ನು ಬದಲಾಯಿಸಲು ಬರುವುದಿಲ್ಲ ಎಂದು ಅವರು ಹೇಳಿಬಿಟ್ಟರು. ಎದುರು ತಂಡದ ಸರ್ ಮಾಷ್ಟ್ರ ಬೆನ್ನು ತಟ್ಟಿ, ಬಿಡಿ, ಮಕ್ಕಳ ಆಟ ಎಂದರು. ಮಾಷ್ಟ್ರು ಬಿಡಲಿಲ್ಲ. ರಾತ್ರಿ ಈ ರಿಜಿಸ್ಟರನ್ನು ನನ್ನ ಮುಂದಿಟ್ಟು, ನನ್ನಿಂದಲೇ ಬರೆಸಿದರು. ಈ ಪುಟದಲ್ಲಿರುವುದು ನನ್ನ ಹದಿನೈದನೆಯ ವಯಸ್ಸಿನ ಅಕ್ಷರ, ಓದುತ್ತೇನೆ: ‘ಅಂಕಪಟ್ಟಿಯ ಪ್ರಕಾರ ನಾವು 21, ಅವರು 20. ನಾನು ಔಟಾಗಿದ್ದೆ, ಹೇಳಲಿಲ್ಲ. ಹೇಳಿದ್ದರೆ 21–21. ಆಮೇಲೆ ಯಾರು ಗೆಲ್ಲುತ್ತಿದ್ದರು ಎಂದು ಗೊತ್ತಿಲ್ಲ.’ ಮೊದಲು ನಾನು ‘ಅವರೇ ಗೆಲ್ಲುತ್ತಿದ್ದರು’ ಎಂದು ಬರೆದಿದ್ದೆ. ಮಾಷ್ಟ್ರು ಅದನ್ನು ಹೊಡೆದುಹಾಕಿಸಿದರು. ಇಲ್ಲಿ ಆ ಗೆರೆಯೂ ಇದೆ. ಪಶ್ಚಾತ್ತಾಪದ ಭರದಲ್ಲಿ ಇನ್ನೊಂದು ಸುಳ್ಳನ್ನು ಬರೆಯಬಾರದು, ನಡೆಯದೇ ಇದ್ದುದನ್ನು ನಡೆದಂತೆ ಹೇಳಬಾರದು ಎಂಬುದು ಅವರ ನಿಲುವು. ಫೈನಲ್ ಪಂದ್ಯಕ್ಕೆ ನಮ್ಮ ತಂಡ ಹೋಗಲಿಲ್ಲ. ಅವರು ಹೋಗಬೇಡಿ ಎನ್ನಲಿಲ್ಲ. ನಿರ್ಧಾರವನ್ನು ಏಳು ಮಂದಿಗೆ ಬಿಟ್ಟರು. ಉಳಿದ ಆರು ಮಂದಿ ನನ್ನೊಡನೆ ಎರಡು ತಿಂಗಳು ಮಾತಾಡಲಿಲ್ಲ. ಹದಿನೈದರ ಹುಡುಗನಿಗೆ ಅದು ಭಾರವಾದ ಶಿಕ್ಷೆಯೆಂದೇ ನನಗೆ ಇಂದಿಗೂ ಅನ್ನಿಸುತ್ತದೆ. ಆಮೇಲೆ ಬ್ಯಾಂಕಿನಲ್ಲಿ ಮೂವತ್ತು ವರ್ಷ ಇನ್ನೊಬ್ಬರ ಹಣ ಎಣಿಸುವ ಕೆಲಸ ಮಾಡಿದೆ. ಆ ಪುಟ ನೆನಪಾಗದ ತಿಂಗಳಿಲ್ಲ.

ಮುಂದಿನದನ್ನು ಚುಟುಕಾಗಿ ಹೇಳುತ್ತೇನೆ, ಏಕೆಂದರೆ ಇಳಿಗಾಲದ ಕಥೆ ಎಲ್ಲ ರಾತ್ರಿಶಾಲೆಗಳದೂ ಒಂದೇ. 1982ರ ಜನವರಿ 18ರಂದು ಗಿರಣಿ ಮುಷ್ಕರ ಆರಂಭವಾಯಿತು. ಎರಡು ಲಕ್ಷಕ್ಕೂ ಹೆಚ್ಚು ಕಾರ್ಮಿಕರು ಹೊರಗೆ ಬಂದರು, ಬಹುಪಾಲು ಮಂದಿ ಮತ್ತೆ ಒಳಗೆ ಹೋಗಲಿಲ್ಲ. ಮಾಷ್ಟ್ರು ನಿಂತು ಆಟ ನೋಡಿ ಕಲಿತ ಗಿರಣಿಗಾಂವಿನ ಆ ಅಂಗಳಗಳಲ್ಲಿ ಆಡುವವರು ಕಡಿಮೆಯಾದರು. ನಮ್ಮವರ ಮಕ್ಕಳು ಹಗಲಿನ ಇಂಗ್ಲಿಷ್ ಶಾಲೆಗಳಿಗೆ ಹೋದರು, ಅದು ಸರಿಯಾದದ್ದೇ. ಊರಿನಲ್ಲಿಯೇ ಹೈಸ್ಕೂಲುಗಳಾದವು, ಹದಿಮೂರರ ಹುಡುಗರು ಬಸ್ಸು ಹತ್ತುವುದು ನಿಂತಿತು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದಾಗ ನಮ್ಮ ಶಾಲೆಯ ಬೆಂಚುಗಳು ಖಾಲಿಯಾಗಿದ್ದವು. ಮಾಷ್ಟ್ರು ಅದಕ್ಕೂ ಎರಡು ವರ್ಷ ಮೊದಲೇ ನಿವೃತ್ತರಾಗಿದ್ದರು. ಶಾಲೆ ಮುಚ್ಚಿದ್ದಕ್ಕೆ ಅವರು ಮರುಗಿದರೇ ಎಂದು ಹಲವರು ನನ್ನನ್ನು ಕೇಳುತ್ತಾರೆ. ದುಡಿಯುವ ಮಕ್ಕಳು ಇಲ್ಲದ ಕಾರಣ ಶಾಲೆ ಮುಚ್ಚಿತು ಎಂದಾದರೆ ಪೇಡೆ ಹಂಚಬೇಕು ಎಂದಿದ್ದರು. ಕಬಡ್ಡಿ ರಿಜಿಸ್ಟರಿನಲ್ಲಿ ಅವರ ಕೈಯ ಕೊನೆಯ ಬರಹಗಳಲ್ಲಿ ಒಂದು 1990ರದು: ಬೀಜಿಂಗ್ ಏಷ್ಯನ್ ಗೇಮ್ಸಿನಲ್ಲಿ ಕಬಡ್ಡಿ ಮೊದಲ ಸಲ ಪದಕದ ಆಟವಾಯಿತು, ಭಾರತಕ್ಕೆ ಚಿನ್ನ. ಅದರ ಕೆಳಗೆ ‘ನೋಡಿದ್ದಲ್ಲ, ರೇಡಿಯೋದಲ್ಲಿ ಕೇಳಿದ್ದು’ ಎಂದು ಬರೆದಿದ್ದಾರೆ.

ಸಾಕ್ಷಿ ಪುಸ್ತಕದ ಮೊದಲ ಸಾಲು ಮಾಷ್ಟ್ರದೇ. ಅದನ್ನು ನಾನು ನೋಡಿದ್ದು ಅವರು ತೀರಿಕೊಂಡ ಮೇಲೆ. ‘ಮುಂಬಯಿಗೆ ಬಂದ ದಿನ: 1944, ತಿಂಗಳು ತಿಳಿಯದು. ಹೇಗೆ: ತಾಯಿಯ ಜೊತೆ. ಸಾಕ್ಷಿ: ಗೋದಿಯ ಸ್ಫೋಟದ ಸದ್ದು ಕೇಳಿದ ನೆನಪು; ಆದರೆ ಅದು ನನ್ನ ನೆನಪೋ, ದೊಡ್ಡವರು ಹೇಳಿ ಹೇಳಿ ನನ್ನದಾದದ್ದೋ ಖಚಿತವಿಲ್ಲ.’ ಗೋದಿ ಎಂದರೆ ಇಲ್ಲಿ ಹಡಗುಕಟ್ಟೆ. ಆ ವರ್ಷ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕಿನಲ್ಲಿ ಫೋರ್ಟ್ ಸ್ಟೈಕಿನ್ ಎಂಬ ಹಡಗು ಸಿಡಿಯಿತು. ಅದರಲ್ಲಿ ಹತ್ತಿಯ ಬೇಲುಗಳ ಜೊತೆಗೆ ಮದ್ದುಗುಂಡುಗಳೂ ಚಿನ್ನದ ಗಟ್ಟಿಗಳೂ ಇದ್ದವು. ಬೆಂಕಿ ಆರಿಸಲು ಹೋಗಿದ್ದ ಅಗ್ನಿಶಾಮಕ ದಳದ 66 ಮಂದಿ ಸತ್ತರು. ಅಂದು ಊರಿನಲ್ಲಿದ್ದ ಪ್ರತಿಯೊಬ್ಬರೂ ಆ ಸದ್ದನ್ನು ಕೇಳಿದೆನೆಂದು ಆಣೆ ಮಾಡುತ್ತಾರೆ. ಆರೇಳು ವರ್ಷದ ಮಗುವಾಗಿದ್ದ ಮಾಷ್ಟ್ರು ಮಾತ್ರ ತಮ್ಮ ಕಿವಿಯನ್ನೂ ಪೂರ್ತಿ ನಂಬಲಿಲ್ಲ.

ಈ ಪುಸ್ತಕಗಳಲ್ಲಿ ಬಾರದ ಸಂಗತಿಯೊಂದಿದೆ ಎಂದು ಮೊದಲೇ ಹೇಳಿದ್ದೆ. ಅಭ್ಯಾಸ ಮುಗಿಸಿ ರಾತ್ರಿ ಹನ್ನೊಂದಕ್ಕೆ ನಾವು ಏಳೆಂಟು ಹುಡುಗರು ಮಾಷ್ಟ್ರ ಚಾಳಿನ ಒಂಟಿ ಕೋಣೆಗೆ ಹೋದರೆ ಅಲ್ಲಿ ಬಿಸಿ ಗಂಜಿ, ಉಪ್ಪಿನಕಾಯಿ ಸಿದ್ಧವಿರುತ್ತಿತ್ತು. ಮೂಲೆಯಲ್ಲಿ ಅವರ ಇಬ್ಬರು ಮಕ್ಕಳು ಮಲಗಿರುತ್ತಿದ್ದರು. ನಮ್ಮ ಕಾಲು ತಾಗದಂತೆ ಅಕ್ಕ, ಅಂದರೆ ಮಾಷ್ಟ್ರ ಹೆಂಡತಿ, ಹಾಸಿಗೆಯನ್ನು ಗೋಡೆಯ ಕಡೆಗೆ ಸರಿಸುತ್ತಿದ್ದರು. ಗುಮಾಸ್ತರ ಸಂಬಳದಲ್ಲಿ ಅಷ್ಟು ಅಕ್ಕಿ ಎಲ್ಲಿಂದ ಬಂತೆಂದು ನಾವು ಯಾರೂ ಕೇಳಲಿಲ್ಲ. ಮಾಷ್ಟ್ರು ತೀರಿಕೊಂಡ ಮೇಲೆ ಈ ರಿಜಿಸ್ಟರುಗಳನ್ನು ಅಕ್ಕನೇ ನನಗೆ ಕೊಟ್ಟರು. ಪುಟ ತಿರುವುತ್ತ, “ಆರುನೂರಕ್ಕೂ ಹೆಚ್ಚು ಮಂದಿಯ ತಾರೀಕು ಇದೆ, ನಿಮ್ಮದು ಇಲ್ಲವಲ್ಲ ಅಕ್ಕ” ಎಂದೆ. “ಬರೆಯುವುದಕ್ಕೆ ಅವರು ಕೇಳಬೇಕಿತ್ತಲ್ಲ” ಎಂದರು. ಅದರಲ್ಲಿ ದೂರಿನ ಧ್ವನಿ ಇರಲಿಲ್ಲ. ಹಾಗಾಗಿಯೇ ಅದು ನನಗೆ ಹೆಚ್ಚು ತಾಗಿತು. ಊರಿನ ಹುಡುಗರನ್ನೆಲ್ಲ ಕೇಳಿದ ಆ ಮೂರು ಪ್ರಶ್ನೆಗಳನ್ನು ಅವರು ಮನೆಯಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಅಂದೇ ನಾನು ಕೇಳಿದೆ. ಮದುವೆಯಾದ ಹನ್ನೊಂದನೆಯ ದಿನ, ಬಸ್ಸಿನಲ್ಲಿ. ಸಾಕ್ಷಿಯೆಂದು ಅಕ್ಕ ಕಪಾಟಿನಿಂದ ಒಂದು ಹಿತ್ತಾಳೆಯ ಚೊಂಬು ತೆಗೆದು ತೋರಿಸಿದರು, ದಾರಿಯಲ್ಲಿ ಬಿದ್ದು ಅದರ ಕಂಠ ನೆಗ್ಗಿತ್ತು. ಅದನ್ನು ಪುಸ್ತಕದ ಕೊನೆಯ ಪುಟದಲ್ಲಿ ಪೆನ್ಸಿಲಿನಿಂದ ಬರೆದಿದ್ದೇನೆ.

ಎರಡೂ ರಿಜಿಸ್ಟರುಗಳು ಸಂಜೆಯವರೆಗೆ ಇಲ್ಲಿಯೇ ಇರುತ್ತವೆ. ನಮ್ಮ ಶಾಲೆಯಲ್ಲಿ ಓದಿದವರು ಬಂದು ನಿಮ್ಮ ನಿಮ್ಮ ಸಾಲನ್ನು ಹುಡುಕಿಕೊಳ್ಳಿ. ತಾರೀಕು ತಪ್ಪಿದೆಯೆಂದು ಕಂಡರೆ ಪಕ್ಕದಲ್ಲಿ ಗುರುತು ಮಾಡಬಹುದು, ಅದಕ್ಕೆಂದೇ ಪೆನ್ಸಿಲ್ ಇಟ್ಟಿದ್ದೇನೆ. ಪೆನ್ನು ಮಾತ್ರ ಬೇಡ.